ಮೊದಲ ಪ್ರತಿಧ್ವನಿ ಯಾರದು?

ಹಳಿಯ ಮೇಲೆ ಟ್ರಾಲಿ ಸರಾಗವಾಗಿ ಓಡುತ್ತಿದೆ. ಪರದೆಯ ಮೇಲಿನ ನಕ್ಷೆ ಮಾತ್ರ ಸ್ವಲ್ಪ ಏರಿ, 60 ಸೆಂಟಿಮೀಟರ್ ಹತ್ತಿರ ಅಡ್ಡಗೆರೆಯಾಗಿ ನಿಂತುಬಿಟ್ಟಿದೆ. ಸೆನ್ಸರ್ ಕೆಟ್ಟಿತೆಂದು ಪಕ್ಕಕ್ಕಿಡುವ ಮೊದಲು ಅದರಿಂದ 60 ಸೆಂಟಿಮೀಟರ್ ದೂರದಲ್ಲಿ ಏನಿದೆ ನೋಡಿ. ಒಂದು ಕುರ್ಚಿಯ ಬೆನ್ನೋ, ಸ್ಟ್ಯಾಂಡಿನ ಸರಳೋ ಸಿಗುತ್ತದೆ. ಸೆನ್ಸರ್ ಅಳೆಯುತ್ತಿರುವುದು ಅದನ್ನೇ, ಅದೂ ಸರಿಯಾಗಿಯೇ.

ಭೌತವಿಜ್ಞಾನ ಪ್ರಯೋಗಾಲಯದ ಚಲನ ಸೆನ್ಸರ್ ನಮ್ಮ ಕಿವಿಗೆ ನಿಲುಕದ ಧ್ವನಿಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಹೊರಡಿಸುತ್ತದೆ. ಅದರ ಕಂಪನ ಸೆಕೆಂಡಿಗೆ 40ರಿಂದ 50 ಸಾವಿರ. ಎರಡು ಮೀಟರ್ ದೂರದ ವಸ್ತುವಿಗೆ ತಗುಲಿ ಮರಳಲು ಆ ಧ್ವನಿಗೆ ಸುಮಾರು 12 ಮಿಲಿಸೆಕೆಂಡ್ ಸಾಕು; ಆ ಸಮಯದಿಂದಲೇ ದೂರದ ಲೆಕ್ಕ. ಮೊದಲು ಮರಳಿದ ಗಟ್ಟಿ ಪ್ರತಿಧ್ವನಿ ಯಾರದೋ ಅವರ ದೂರವೇ ನಕ್ಷೆಗೆ ಬರುತ್ತದೆ. 1978ರಲ್ಲಿ ಪೊಲರಾಯ್ಡ್ ಕಂಪನಿ ತಾನೇ ಫೋಕಸ್ ಹೊಂದಿಸಿಕೊಳ್ಳುವ ಕ್ಯಾಮೆರಾಕ್ಕೆಂದು ಇಂಥ ಸಾಧನ ಅಳವಡಿಸಿತ್ತು. 1980ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನ ಶಿಕ್ಷಕರು ಅದನ್ನು ಕಂಪ್ಯೂಟರಿಗೆ ಜೋಡಿಸಿ ತರಗತಿಗೆ ತಂದರು. ಈಗ ತಂತಿ ಹೋಗಿ ಬ್ಲೂಟೂತ್ ಬಂದಿದೆ.

ಧ್ವನಿ ಟಾರ್ಚಿನ ಬೆಳಕಿನಂತೆ ಮುಂದೆ ಹೋದಷ್ಟೂ ಅಗಲವಾಗುತ್ತದೆ. ಆದ್ದರಿಂದ ಹಳಿಯ ತುದಿಗೆ ಸೆನ್ಸರ್ ಕೂರಿಸಿದಾಗ ಅದರ ಮುಖವನ್ನು ಒಂದಿಷ್ಟು ಮೇಲಕ್ಕೆ ಎತ್ತಬೇಕು, ಇಲ್ಲದಿದ್ದರೆ ಹಳಿಯೇ ಪ್ರತಿಧ್ವನಿಸುತ್ತದೆ. ಟ್ರಾಲಿಯ ಮೇಲೆ ಒಂದು ರಟ್ಟನ್ನು ಸೆನ್ಸರಿಗೆ ಎದುರಾಗಿ ನೆಟ್ಟಗೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಓರೆಯಾದ ಮೈ ಧ್ವನಿಯನ್ನು ಬೇರೆಲ್ಲಿಗೋ ಕಳಿಸಿಬಿಡುತ್ತದೆ. ಸುಮಾರು 15 ಸೆಂಟಿಮೀಟರಿಗಿಂತ ಹತ್ತಿರದ ವಸ್ತುವನ್ನು ಇಂಥ ಸೆನ್ಸರ್ ಅಳೆಯಲಾರದು, ಹಾಗಾಗಿ ಟ್ರಾಲಿ ಹೊರಡುವ ಜಾಗ ಅದಕ್ಕಿಂತ ಆಚೆಯೇ ಇರಲಿ.

ಸೆನ್ಸರನ್ನು ಸ್ಟ್ಯಾಂಡಿಗೆ ಹಿಡಿಸುವ ಕ್ಲ್ಯಾಂಪ್ ಬಿಗಿ ಮಾಡುವುದು ಬೇಸರದ ಕೆಲಸವೆಂದು ಅನೇಕರು ಅವಸರದಲ್ಲಿ ಮುಗಿಸುತ್ತಾರೆ. ಈ ಚಿಕ್ಕ ಲೆಕ್ಕ ನೋಡಿ. ಸೆನ್ಸರ್ ನೇರವಾಗಿ ಅಳೆಯುವುದು ಸ್ಥಾನವನ್ನಷ್ಟೇ. ಎರಡು ಸ್ಥಾನಗಳ ವ್ಯತ್ಯಾಸವನ್ನು ಸಮಯದಿಂದ ಭಾಗಿಸಿ ವೇಗ, ಎರಡು ವೇಗಗಳ ವ್ಯತ್ಯಾಸದಿಂದ ವೇಗೋತ್ಕರ್ಷ. ಸೆಕೆಂಡಿಗೆ 50 ಅಳತೆ ಎಂದರೆ ಎರಡು ಅಳತೆಗಳ ನಡುವೆ 0.02 ಸೆಕೆಂಡ್. ಸ್ಟ್ಯಾಂಡ್ ನಡುಗಿ ಸ್ಥಾನದಲ್ಲಿ ಒಂದೇ ಮಿಲಿಮೀಟರ್ ವ್ಯತ್ಯಾಸವಾದರೂ ವೇಗದಲ್ಲಿ ಸೆಕೆಂಡಿಗೆ 5 ಸೆಂಟಿಮೀಟರ್ ತಪ್ಪು. ಅದನ್ನೇ ಇನ್ನೊಮ್ಮೆ 0.02ರಿಂದ ಭಾಗಿಸಿ: ವೇಗೋತ್ಕರ್ಷದಲ್ಲಿ 2.5 ಮೀ/ಸೆ² ತಪ್ಪು, ಗುರುತ್ವದ ಕಾಲು ಭಾಗ! ಸ್ಥಾನದ ನಕ್ಷೆ ನುಣುಪಾಗಿದ್ದೂ ವೇಗೋತ್ಕರ್ಷದ ನಕ್ಷೆ ಮುಳ್ಳುಮುಳ್ಳಾಗುವುದು ಇದರಿಂದ. ಅಳತೆಗಳನ್ನು ಸೆಕೆಂಡಿಗೆ 20ಕ್ಕೆ ಇಳಿಸಿದರೆ ಅದೇ ಮಿಲಿಮೀಟರಿನ ತಪ್ಪು 0.4ಕ್ಕೆ ಇಳಿಯುತ್ತದೆ. ಹೆಚ್ಚು ಅಳತೆ ಎಂದರೆ ಹೆಚ್ಚು ನಿಖರತೆ ಎಂದು ನಂಬಿದವರಿಗೆ ಇದು ಆಶ್ಚರ್ಯದ ಸಂಗತಿ.

ಸ್ಪ್ರಿಂಗಿಗೆ ತೂಕ ಕಟ್ಟಿ ತೂಗಿಸುವ ಪ್ರಯೋಗದಲ್ಲಿ ಸೆನ್ಸರನ್ನು ತೂಕದ ನೇರ ಕೆಳಗೆ, ಮುಖ ಮೇಲೆ ಮಾಡಿ ನೆಲದ ಮೇಲಿಡುತ್ತಾರೆ. ತೂಕ ಕಳಚಿ ಬಿದ್ದರೆ ಪೆಟ್ಟಾಗಬಾರದೆಂದು ಮೇಲೊಂದು ತಂತಿ ಬುಟ್ಟಿ ಮುಚ್ಚಬಹುದು. ಈ ಧ್ವನಿಯ ತರಂಗದೂರ ಏಳೆಂಟು ಮಿಲಿಮೀಟರ್. ಅದಕ್ಕಿಂತ ತೀರ ತೆಳ್ಳಗಿನ ತಂತಿಯ ಸುತ್ತ ಅದು ಹಾದುಹೋಗುತ್ತದೆ. ತೂಕ ಸಣ್ಣದಿದ್ದರೆ ತಳಕ್ಕೆ ರಟ್ಟಿನ ಬಿಲ್ಲೆ ಅಂಟಿಸಬಹುದು. ಆಗ ಗಾಳಿಯ ತಡೆಯೂ ಹೆಚ್ಚಿ ತೂಗಾಟ ಬೇಗ ಕುಗ್ಗುತ್ತದೆಂಬುದು ನೆನಪಿರಲಿ.

ನಮ್ಮ ಕಡೆಯ ಬೇಸಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಧ್ವನಿಯ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, ರಾಯಚೂರಿನ ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಯಲ್ಲಿ ಸುಮಾರು 354. ಸಾಫ್ಟ್‌ವೇರ್ 343 ಎಂದೇ ಹಿಡಿದರೆ ದೂರಗಳೆಲ್ಲ ನೂರಕ್ಕೆ ಮೂರರಷ್ಟು ಕುಗ್ಗಿ, ಬೀಳುವ ಚೆಂಡಿನ ವೇಗೋತ್ಕರ್ಷ 9.8ರ ಬದಲು 9.5 ಬರುತ್ತದೆ. ಕೆಲವು ಸೆನ್ಸರ್‌ಗಳು ಉಷ್ಣತೆಯನ್ನು ತಾವೇ ಅಳೆದು ತಿದ್ದಿಕೊಳ್ಳುತ್ತವೆ. ಉಳಿದವುಗಳಲ್ಲಿ, ತಿಳಿದಿರುವ ಒಂದು ದೂರವನ್ನು ಟೇಪಿನಿಂದ ಅಳೆದು ಹೋಲಿಸಿ ನಾವೇ ತಿದ್ದಬೇಕು.

ತಂತಿಯಿಲ್ಲದ್ದರಿಂದ ಸೆನ್ಸರನ್ನೇ ಟ್ರಾಲಿಗೆ ಕಟ್ಟಿ ಗೋಡೆಯ ಕಡೆಗೆ ಓಡಿಸಬಹುದು, ಎಳೆದು ಹಿಡಿಯುವ ಕೇಬಲ್ ಇಲ್ಲ. ಆದರೆ ನನ್ನ ಮಟ್ಟಿಗೆ ಇದರ ಅತ್ಯುತ್ತಮ ಪ್ರಯೋಗಕ್ಕೆ ಟ್ರಾಲಿಯೂ ಬೇಡ, ವಿದ್ಯಾರ್ಥಿಯೇ ಸಾಕು. ಸೆನ್ಸರಿನಿಂದ ದೂರ ನಡೆದರೆ ವೇಗದ ಗೆರೆ ಸೊನ್ನೆಯ ಮೇಲೆ, ಅದರ ಕಡೆಗೆ ನಡೆದರೆ ಕೆಳಗೆ. ಋಣ ವೇಗ ಎಂದರೇನೆಂದು ಕಾಲಿಗೇ ಗೊತ್ತಾಗುತ್ತದೆ. 1987ರಲ್ಲಿ ಸಂಶೋಧಕಿ ಹೆದರ್ ಬ್ರೇಸೆಲ್ ಇಂಥ ಕಲಿಕೆಯ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ನಕ್ಷೆ ಮೂಡುವುದು ಅರ್ಧ ನಿಮಿಷಕ್ಕಿಂತ ಕಡಿಮೆ ತಡವಾದರೂ ಕಲಿಕೆಯ ಲಾಭ ಬಹುತೇಕ ಕರಗಿಹೋಗಿತ್ತು. ಹೆಜ್ಜೆಯೂ ಗೆರೆಯೂ ಒಟ್ಟಿಗೇ ಸಾಗಬೇಕು. ಅದಕ್ಕೇ ಸೆನ್ಸರನ್ನು ಸೊಂಟದ ಎತ್ತರಕ್ಕೆ ಬಿಗಿದು, ಲ್ಯಾಪ್‌ಟಾಪನ್ನು ಅದರ ಹಿಂದೆ, ನಡೆಯುವವರಿಗೆ ಕಾಣುವಂತೆ ಇಡಿ. ಹಿಂದೆ ಹೆಜ್ಜೆಯಿಡುತ್ತಲೇ ಅವರು ಪರದೆ ನೋಡುತ್ತಿರಬಹುದು. ಮೆತ್ತನೆಯ ಸ್ವೆಟರ್ ಧ್ವನಿಯನ್ನು ಹೀರುವುದರಿಂದ, ಸೊಂಟದ ಮುಂದೊಂದು ಗಟ್ಟಿ ರಟ್ಟಿನ ಪುಸ್ತಕ ಹಿಡಿದು ನಡೆದರೆ ಗೆರೆ ಸ್ವಚ್ಛವಾಗಿ ಬರುತ್ತದೆ.