'ಛಲೋ ಆತವಾ, ಕೂಡು' ಅಂದರೆ ಸಾಕೇ?

ಬೈಲಹೊಂಗಲದ ಯಾವುದಾದರೊಂದು ಪದವಿ ಕಾಲೇಜಿನ ಸೆಮಿನಾರ್ ಕೊಠಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಧ್ಯಾಹ್ನದ ಹೊತ್ತು. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದ ಹುಡುಗಿಯೊಬ್ಬಳು ಎದ್ದು ನಿಂತಿದ್ದಾಳೆ. ಅವಳ ವಿಷಯ ಚೀನಾದ 'ಬೆಲ್ಟ್ ಅಂಡ್ ರೋಡ್' ಯೋಜನೆ. ಮೂರು ವಾರ ಹುಡುಕಿ ಬರೆದದ್ದನ್ನು ತಲೆ ಎತ್ತದೆ ಹತ್ತು ನಿಮಿಷದಲ್ಲಿ ಓದಿ ಮುಗಿಸುತ್ತಾಳೆ. ಹಿಂದಿನ ಬೆಂಚುಗಳಿಂದ ಚಪ್ಪಾಳೆ. ಪ್ರಾಧ್ಯಾಪಕರು ಗಡಿಯಾರ ನೋಡಿ, 'ಛಲೋ ಆತವಾ, ಕೂಡು. ಮುಂದಿನವರು ಯಾರು?' ಎನ್ನುತ್ತಾರೆ.

ಅಲ್ಲಿಗೆ ಮುಗಿಯಿತು. ಏನು ಛಲೋ ಆಯಿತು, ಯಾವುದು ಆಗಲಿಲ್ಲ ಎಂಬುದು ಅವಳಿಗೆ ತಿಳಿಯುವುದೇ ಇಲ್ಲ. ಇದರ ಇನ್ನೊಂದು ತುದಿಯೂ ಉಂಟು. 'ಇದೆಲ್ಲಾ ಇಂಟರ್‌ನೆಟ್‌ನಿಂದ ಇಳಿಸಿಕೊಂಡದ್ದು' ಎಂದು ನಾಲ್ಕು ಮಂದಿಯ ಎದುರು ಸಿಡಿದುಬೀಳುವವರು. ಮೊದಲನೆಯ ಮಾತಿನಿಂದ ವಿದ್ಯಾರ್ಥಿ ಏನನ್ನೂ ಕಲಿಯುವುದಿಲ್ಲ. ಎರಡನೆಯ ಮಾತಿನಿಂದ ಒಂದನ್ನು ಮಾತ್ರ ಕಲಿಯುತ್ತಾಳೆ, ಇನ್ನು ಮುಂದೆ ಎದ್ದು ನಿಲ್ಲಬಾರದು ಎಂಬುದನ್ನು. ಮನೆತನದಲ್ಲಿ ಮೊದಲ ಬಾರಿಗೆ ಪದವಿ ಮೆಟ್ಟಿಲು ಹತ್ತಿದವಳಿಗೆ ಇದು ಸಣ್ಣ ನಷ್ಟವಲ್ಲ.

ರಾಜ್ಯಶಾಸ್ತ್ರ, ಅರ್ಥಶಾಸ್ತ್ರದ ತರಗತಿಗಳಿಗೆ ಇಂಥ ವಿಷಯಗಳು ಈಗ ಹೊಸವೇನಲ್ಲ. 2013ರ ಸೆಪ್ಟೆಂಬರಿನಲ್ಲಿ ಕಝಾಕಸ್ತಾನದಲ್ಲಿ ಷಿ ಜಿನ್‌ಪಿಂಗ್ ಪ್ರಸ್ತಾಪಿಸಿದ ಬೆಲ್ಟ್ ಅಂಡ್ ರೋಡ್. 2000ದಲ್ಲಿ ಭಾರತ, ಇರಾನ್, ರಷ್ಯಾ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸಹಿ ಹಾಕಿದ ಉತ್ತರ-ದಕ್ಷಿಣ ಸಾರಿಗೆ ಕಾರಿಡಾರ್. 2023ರ ಸೆಪ್ಟೆಂಬರಿನಲ್ಲಿ ದೆಹಲಿಯ ಜಿ-20 ಶೃಂಗಸಭೆಯಲ್ಲಿ ಘೋಷಣೆಯಾದ ಭಾರತ-ಮಧ್ಯಪ್ರಾಚ್ಯ-ಯುರೋಪ್ ಕಾರಿಡಾರ್. ಹೆಸರುಗಳು ದೊಡ್ಡವು, ಊರುಗಳು ದೂರದವು. ಆದ್ದರಿಂದಲೇ ವಿದ್ಯಾರ್ಥಿ ಓದುತ್ತಾ ಹೋಗುತ್ತಾನೆ, ಕೇಳುವವರು ಆಕಳಿಸುತ್ತಾ ಹೋಗುತ್ತಾರೆ. ತಿದ್ದಬೇಕಾದವರಿಗೂ ಎಲ್ಲಿಂದ ಹಿಡಿಯಬೇಕೆಂದು ತೋಚುವುದಿಲ್ಲ.

ಹಿಡಿಯಲು ಹಿಡಿಕೆಗಳೇನೋ ಇವೆ. ಅವು ಸಿಗುವುದು ಒಂದೊಂದೇ ವಾಕ್ಯದಲ್ಲಿ. 'ಇನ್ನೂ ಚೆನ್ನಾಗಿ ಮಾಡಬಹುದಿತ್ತು' ಎಂಬುದು ಅಭಿಪ್ರಾಯವಷ್ಟೆ, ತಿದ್ದುಪಡಿಯಲ್ಲ. 'ಎರಡನೆಯ ಪುಟದಲ್ಲಿ 46 ಬಿಲಿಯನ್ ಅಂತ ಬರೆದೀ. ಅದು ರೂಪಾಯಿನೋ, ಡಾಲರೋ? ಘೋಷಣೆ ಆದದ್ದೋ, ಖರ್ಚಾದದ್ದೋ?' ಎಂದು ಕೇಳಿದರೆ ವಿದ್ಯಾರ್ಥಿ ತನ್ನ ಕಾಗದದತ್ತ ತಿರುಗಿ ನೋಡುತ್ತಾಳೆ. 2015ರಲ್ಲಿ ಚೀನಾ-ಪಾಕಿಸ್ತಾನ ಆರ್ಥಿಕ ಕಾರಿಡಾರಿಗೆ ಘೋಷಿಸಿದ ಮೊತ್ತ ಅದು. 4,600 ಕೋಟಿ ಡಾಲರು. ಒಂದು ಬಿಲಿಯನ್ ಎಂದರೆ ನೂರು ಕೋಟಿ ಎಂಬ ಸಾದಾ ಲೆಕ್ಕ ತಪ್ಪಿದರೆ ಇಡೀ ಪ್ರಬಂಧವೇ ಹಳಿ ತಪ್ಪುತ್ತದೆ. ಘೋಷಣೆಯ ಹಣವನ್ನು ಖರ್ಚಿನ ಹಣವೆಂದು ಬರೆಯುವ ತಪ್ಪು ಇನ್ನೂ ಸಾಮಾನ್ಯ. ಈ ತಪ್ಪನ್ನು ವಿದ್ಯಾರ್ಥಿಗಳಷ್ಟೇ ಮಾಡುವುದಿಲ್ಲ ಎಂಬುದು ಬೇರೆ ಮಾತು.

ನಕ್ಷೆಯದು ಇನ್ನೊಂದು ಕಥೆ. ವಿದೇಶಿ ಜಾಲತಾಣದಿಂದ ಇಳಿಸಿದ ನಕ್ಷೆಯಲ್ಲಿ ಜಮ್ಮು-ಕಾಶ್ಮೀರದ ಗಡಿ ಬೇರೆಯೇ ಆಗಿರುತ್ತದೆ. ವಿದ್ಯಾರ್ಥಿ ಗಮನಿಸದೆ ಅದನ್ನೇ ಪರದೆಯ ಮೇಲೆ ಹಾಕುತ್ತಾನೆ. ಇಲ್ಲಿ ಗದರುವುದು ಸುಲಭ. ಆದರೆ ಪಾಠವೆಲ್ಲಾ ಅಡಗಿರುವುದು ಆ ಗೆರೆಯಲ್ಲೇ. ಪಾಕಿಸ್ತಾನದ ಕಾರಿಡಾರ್ ಹಾದುಹೋಗುವುದು ಗಿಲ್ಗಿಟ್-ಬಾಲ್ಟಿಸ್ತಾನದ ಮೂಲಕ. ಅದು ತನ್ನ ನೆಲವೆಂಬುದು ಭಾರತದ ನಿಲುವು. 2017ರ ಮೇ ತಿಂಗಳಲ್ಲಿ ಬೀಜಿಂಗಿನಲ್ಲಿ ನಡೆದ ಬೆಲ್ಟ್ ಅಂಡ್ ರೋಡ್ ಸಭೆಗೆ ಭಾರತ ಹೋಗದಿರಲು ಮುಖ್ಯ ಕಾರಣವೂ ಅದೇ. 'ತಮ್ಮಾ, ಈ ಗೆರಿ ಸರಿ ಮಾಡಿಕೊಂಡು ಬಾ. ಈ ಗೆರಿ ಸಲುವಾಗಿನ ಭಾರತ ಯಾಕ ಹೊರಗ ಉಳೀತು ಅನ್ನೋದನ್ನೂ ನಾಲ್ಕು ಸಾಲು ಬರಿ' ಎಂದರೆ ತಪ್ಪೇ ಅಧ್ಯಾಯವಾಗುತ್ತದೆ.

ಹಂಬನ್‌ಟೋಟಾ ವಿಷಯಕ್ಕೆ ಬಂದರೆ ಬಹುತೇಕ ಎಲ್ಲ ಪ್ರಬಂಧಗಳೂ ಒಂದೇ ವಾಕ್ಯ ಹೇಳುತ್ತವೆ. ಶ್ರೀಲಂಕಾ ಸಾಲ ತೀರಿಸಲಾಗದೆ ಬಂದರನ್ನೇ ಚೀನಾಕ್ಕೆ ಕೊಟ್ಟಿತು ಎಂದು. ಪೂರ್ತಿ ಸುಳ್ಳೆನ್ನುವಂತಿಲ್ಲ, ನಿಜವೂ ಅಲ್ಲ. 2017ರಲ್ಲಿ ಚೀನಾದ ಕಂಪನಿಯೊಂದು ಸುಮಾರು 112 ಕೋಟಿ ಡಾಲರು ಕೊಟ್ಟು 99 ವರ್ಷದ ಗುತ್ತಿಗೆಯ ಮೇಲೆ ಬಂದರಿನ ಬಹುಪಾಲು ಹಿಡಿತ ಪಡೆಯಿತು. ಬಂದ ಹಣ ಶ್ರೀಲಂಕಾದ ವಿದೇಶಿ ವಿನಿಮಯದ ಬೊಕ್ಕಸಕ್ಕೆ ಹೋಯಿತು. ಬಂದರಿಗೆ ತಂದ ಸಾಲ ಹಾಗೇ ಉಳಿಯಿತು. 'ತಪ್ಪು' ಎಂದು ಅಡ್ಡಗೀಟು ಎಳೆಯುವ ಬದಲು 'ಆ 112 ಕೋಟಿ ಎಲ್ಲಿ ಹೋತು, ನೋಡಿಕೊಂಡು ಬಾ' ಎಂದು ಕಳಿಸಿದರೆ ವಿದ್ಯಾರ್ಥಿ ಹುಡುಕುತ್ತಾನೆ. ಹುಡುಕಿ ತಂದದ್ದು ಮರೆಯುವುದಿಲ್ಲ.

ಪಡಸಾಲಿರೀ ಸರ್

ಆ ಹುಡುಗಿಯ ಹತ್ತಿರವೇ ಮತ್ತೆ ಹೋಗೋಣ. ಹತ್ತು ನಿಮಿಷದಲ್ಲಿ ಅವಳು ಇಪ್ಪತ್ತು ಬಾರಿ 'ಕಾರಿಡಾರ್' ಎಂದಿದ್ದಾಳೆ. 'ಕಾರಿಡಾರ್ ಅಂದ್ರ ಏನು ತಂಗಿ?' ಎಂದು ಕೇಳಿದರೆ ಅವಳು ಏನೆನ್ನಬಹುದು? 'ಪಡಸಾಲಿರೀ ಸರ್' ಎನ್ನಬಹುದು. ತರಗತಿ ಗೊಳ್ಳೆಂದು ನಗುತ್ತದೆ. ನಗುವಂಥದ್ದೇನೂ ಇಲ್ಲ, ಅವಳ ಉತ್ತರ ಸರಿಯಾಗಿಯೇ ಇದೆ. ಪಡಸಾಲೆಯಲ್ಲಿ ಜನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತಾರೆ. ಅಕ್ಕಪಕ್ಕದ ಕೋಣೆಗಳಿಗೆ ಬಾಗಿಲು ಇವೆಯೋ ಇಲ್ಲವೋ, ಇದ್ದರೆ ತೆರೆಯುತ್ತವೆಯೋ ಎಂಬುದೇ ಮುಂದಿನ ಪ್ರಶ್ನೆ. ಆ ಪ್ರಶ್ನೆಯನ್ನು ಪ್ರಾಧ್ಯಾಪಕರು ಕೇಳಬೇಕು. ಆಗ ನಗು ತಾನಾಗಿಯೇ ನಿಲ್ಲುತ್ತದೆ.

ಯಾಕೆಂದರೆ ಇವರೆಲ್ಲ ಆ ಪಡಸಾಲೆಯ ಪಕ್ಕದ ಕೋಣೆಯಲ್ಲೇ ಬೆಳೆದವರು. ಕಿತ್ತೂರಿನ ಮಗ್ಗುಲಲ್ಲಿ ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯನ್ನು ಹಿರಿಯರು ಇಂದಿಗೂ 'ಎನ್.ಎಚ್. ನಾಲ್ಕು' ಎಂದೇ ಕರೆಯುತ್ತಾರೆ. 2010ರ ಮರುಎಣಿಕೆಯಲ್ಲಿ ಅದು 48 ಆಯಿತು. ಅದಕ್ಕೆ ಮೂರನೆಯ ನಂಬರೂ ಒಂದಿದೆ: ಏಷ್ಯನ್ ಹೆದ್ದಾರಿ 47. ಗ್ವಾಲಿಯರಿನಿಂದ ಬೆಂಗಳೂರಿನವರೆಗೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ 1959ರಲ್ಲಿ ಆರಂಭವಾಗಿ, 2003ರಲ್ಲಿ ಒಪ್ಪಂದದ ರೂಪ ತಳೆದು, 2005ರ ಜುಲೈ 4ರಂದು ಜಾರಿಗೆ ಬಂದ ಜಾಲವಿದು. 32 ದೇಶ, 1 ಲಕ್ಷ 40 ಸಾವಿರ ಕಿಲೋಮೀಟರಿಗೂ ಹೆಚ್ಚು ರಸ್ತೆ. ಚೀನಾ, ಕಝಾಕಸ್ತಾನಗಳ ಬಗ್ಗೆ ಪ್ರಬಂಧ ಬರೆದ ಕಿತ್ತೂರಿನ ಹುಡುಗ ತನ್ನೂರ ಬದಿಯಲ್ಲೇ ಹೋಗುವ ಅಂತರರಾಷ್ಟ್ರೀಯ ರಸ್ತೆಯನ್ನು ಬರೆದಿರುವುದಿಲ್ಲ. ಅವನಿಗೆ ಅದನ್ನು ಯಾರೂ ಹೇಳಿರುವುದಿಲ್ಲ, ಅಷ್ಟೆ.

ರೈಲಿನ ಕಥೆ ಇನ್ನೂ ಸ್ವಾರಸ್ಯದ್ದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕರಲ್ಲಿ ಒಂದು ಊರಿಗೂ ರೈಲು ನಿಲ್ದಾಣವಿಲ್ಲ. ಹತ್ತಿಯ ಪೇಟೆಯೆಂದು ಹೆಸರಾದ ಬೈಲಹೊಂಗಲಕ್ಕೂ ಇಲ್ಲ. ಧಾರವಾಡದಿಂದ ಬೆಳಗಾವಿಗೆ ಹೋಗುವ ರೈಲು ನೇರ ಕಿತ್ತೂರಿನ ಮೇಲೆ ಹೋಗದೆ ಅಳ್ನಾವರ, ಲೋಂಡಾ, ಖಾನಾಪುರ ಎಂದು ಪಶ್ಚಿಮಕ್ಕೆ ಸುತ್ತು ಹಾಕುತ್ತದೆ. ಯಾಕೆ? ಕಾರಣ ಹುಡುಕಿದರೆ 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದಕ್ಕೆ ಹೋಗಿ ಮುಟ್ಟುತ್ತೇವೆ. ಗೋವಾದ ಮಾರ್ಮುಗೋವಾ ಬಂದರಿನಿಂದ ಘಟ್ಟ ಹತ್ತಿ ಬರುವ ರೈಲು ಬ್ರಿಟಿಷ್ ಸೀಮೆಯ ರೈಲಿಗೆ ಕೂಡಬೇಕು ಎಂಬುದು ಆ ಒಪ್ಪಂದದ ಒಂದು ಭಾಗ. ಗೋವಾದ ಹಳಿಗೆ ಹಣ ಹೂಡಿದ ಕಂಪನಿ ಲಂಡನ್ನಿನದು, ಬಡ್ಡಿಗೆ ಖಾತರಿ ಪೋರ್ಚುಗಲ್ ಸರ್ಕಾರದ್ದು. ಈ ಕಡೆಯಿಂದ ಹಳಿ ಹಾಕಿದ್ದು 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ. ಅದರ ಕೇಂದ್ರ ಕಚೇರಿ ಇದ್ದದ್ದು ಧಾರವಾಡದಲ್ಲಿ. ಎರಡು ಸಾಮ್ರಾಜ್ಯ, ವಿದೇಶಿ ಬಂಡವಾಳ, ಸರ್ಕಾರಿ ಖಾತರಿ, ಒಂದು ಬಂದರು. ಇಂದಿನ ಕಾರಿಡಾರಿನಲ್ಲಿ ಇರುವುದೆಲ್ಲ ಅಂದೂ ಇತ್ತು. ರೈಲಿಲ್ಲದ ಊರುಗಳೂ ಅದರದೇ ಫಲ. ಧಾರವಾಡ-ಕಿತ್ತೂರು-ಬೆಳಗಾವಿ ನಡುವೆ ಸುಮಾರು 73 ಕಿ.ಮೀ. ನೇರ ಮಾರ್ಗ ಮಂಜೂರಾದದ್ದು, ಭೂಸ್ವಾಧೀನದ ತಕರಾರು ಎದ್ದದ್ದು ಎಲ್ಲ ಈ ಕಾಲದ ಸುದ್ದಿ. ರಾಮದುರ್ಗ, ಸವದತ್ತಿಗಳ ಮೇಲೆ ಲೋಕಾಪುರ-ಧಾರವಾಡ ರೈಲು ಬೇಕೆಂಬ ಕೂಗಂತೂ ಬಹಳ ಹಳೆಯದು.

ಇಷ್ಟು ಸಾಮಗ್ರಿ ಕಾಲಡಿಯಲ್ಲೇ ಇರುವಾಗ ವಿದ್ಯಾರ್ಥಿಗೆ ಕೊಡಬೇಕಾದ ಸಲಹೆ ಒಂದೇ ವಾಕ್ಯದ್ದು: 'ನೀ ಬರೆದ ಯೋಜನೆಗೂ ನಿಮ್ಮೂರಿಗೂ ಎಲ್ಲಿ ಹೋಲಿಕಿ ಅದ, ಒಂದು ಪುಟ ಸೇರಿಸು.'

ಸವದತ್ತಿಯ ವಿದ್ಯಾರ್ಥಿಗೆ ಆ ಪುಟ ಬರೆಯುವುದು ಕಷ್ಟವಲ್ಲ. ಊರಿನಿಂದ ಕೂಗಳತೆಯಲ್ಲಿ ಅಲ್ಲದಿದ್ದರೂ ಸೈಕಲ್ಲಿನ ಅಳತೆಯಲ್ಲಿ ನವಿಲುತೀರ್ಥದ ಅಣೆಕಟ್ಟು ಇದೆ. 1972ರಲ್ಲಿ ಮುಗಿದ ಈ ರೇಣುಕಾಸಾಗರದಲ್ಲಿ ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಹುಬ್ಬಳ್ಳಿ-ಧಾರವಾಡ ಕುಡಿಯುವುದು ಇಲ್ಲಿಂದ ಎತ್ತಿ ಅಮ್ಮಿನಭಾವಿಯಲ್ಲಿ ಶುದ್ಧಗೊಳಿಸಿದ ನೀರನ್ನು. 2004ರಲ್ಲಿ ವಿಶ್ವಬ್ಯಾಂಕ್ ಸಾಲ ಕೊಟ್ಟ ಯೋಜನೆಯಡಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಕೆಲವು ಬಡಾವಣೆಗಳಲ್ಲಿ ದಿನದ ಇಪ್ಪತ್ನಾಲ್ಕು ತಾಸೂ ನೀರು ಕೊಡುವ ಪ್ರಯೋಗ ನಡೆಯಿತು. ಫ್ರಾನ್ಸಿನ ಕಂಪನಿಗೆ ಅದರ ಗುತ್ತಿಗೆ. ಪಕ್ಕದ ಬಡಾವಣೆಯವರು ನಳಕ್ಕೆ ದಿನಗಟ್ಟಲೆ ಕಾಯುತ್ತಿದ್ದಾಗ ಇವರ ನಳ ಸದಾ ಸುರಿಯಿತು. ಒಳ್ಳೆಯದಾಯಿತೋ, ಭೇದವಾಯಿತೋ? ಅಣೆಕಟ್ಟಿನ ಪಕ್ಕದ ಹಳ್ಳಿಗೆ ಏನು ಬಂತು? ಇದಕ್ಕೆ ಪುಸ್ತಕ ಬೇಕಿಲ್ಲ, ಎರಡು ಬಸ್ ಟಿಕೆಟ್ ಸಾಕು.

ಹಣ ತೆರುವವರು ಯಾರು ಎಂಬ ಪ್ರಶ್ನೆಯನ್ನು ಈ ನೀರೇ ಒಮ್ಮೆ ರಕ್ತದಲ್ಲಿ ಬರೆಸಿದೆ. ಮಲಪ್ರಭೆಯ ಕಾಲುವೆ ಪ್ರದೇಶದ ರೈತರ ಮೇಲೆ ಸರ್ಕಾರ ಅಭಿವೃದ್ಧಿ ಕರ ಹೇರಿತು. ನೀರು ಬಾರದ ಹೊಲಕ್ಕೂ ಕರವೇ ಎಂದು ಸಿಟ್ಟಿಗೆದ್ದ ರೈತರು 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಬೀದಿಗಿಳಿದರು. ಗೋಲಿಬಾರಾಯಿತು, ಜೀವಗಳು ಹೋದವು. ಹಂಬನ್‌ಟೋಟಾದ ಸಾಲದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ತರಗತಿಗೆ ಇದು ನೆನಪಾಗಬೇಕು. ರಾಮದುರ್ಗದ ಹುಡುಗರಿಗಂತೂ 2019ರ ಆಗಸ್ಟಿನ ಮಹಾಪೂರ ಪುಸ್ತಕದ ವಿಷಯವಲ್ಲ. ಮಲಪ್ರಭೆಯ ನೀರು ಮನೆ ಹೊಕ್ಕಿತ್ತು, ನೇಕಾರರ ಮಗ್ಗಗಳು ಮುಳುಗಿದ್ದವು.

ಹೇಗೆ ಹೇಳಬೇಕು?

ಬೆಳಗಾವಿ, ವಿಜಯಪುರದ ಕಡೆಯವರಿಗೆ ಹರದೇಶಿ-ನಾಗೇಶಿ ಹಾಡುಗಾರಿಕೆ ಹೊಸದಲ್ಲ. ಜಾತ್ರೆಯಲ್ಲಿ ಒಂದು ಮೇಳ ಸವಾಲು ಹಾಕುತ್ತದೆ, ಇನ್ನೊಂದು ಜವಾಬು ಕೊಡುತ್ತದೆ. ಎದುರಿನವರು ಹಾಡಿದ್ದನ್ನು ಕಿವಿಗೊಟ್ಟು ಕೇಳದವನಿಗೆ ಜವಾಬು ಹೊಳೆಯುವುದಿಲ್ಲ, ಜನ ಅವನನ್ನು ಬಿಡುವುದೂ ಇಲ್ಲ. ಸೆಮಿನಾರಿನಲ್ಲಿ ತಿದ್ದುವವರಿಗೂ ಇದೇ ಮೊದಲ ನಿಯಮವಾಗಬೇಕು. 'ನೀ ಹೇಳಿದ್ದು ಇದು, ಹೌದಲ್ಲೋ?' ಎಂದು ವಿದ್ಯಾರ್ಥಿಯ ವಾದವನ್ನು ಎರಡು ವಾಕ್ಯದಲ್ಲಿ ತಿರುಗಿ ಹೇಳಿ ಆಮೇಲೆ ಪ್ರಶ್ನೆಗೆ ಇಳಿಯಬೇಕು. ತನ್ನ ಮಾತನ್ನು ಒಬ್ಬರು ಕೇಳಿಸಿಕೊಂಡರು ಎಂದು ಗೊತ್ತಾದವನು ತಿದ್ದುಪಡಿಯನ್ನೂ ಕೇಳಿಸಿಕೊಳ್ಳುತ್ತಾನೆ.

ತಪ್ಪು ಹತ್ತು ಇದ್ದರೂ ಎದುರಿಗೆ ಎರಡನ್ನು ಹೇಳಿದರೆ ಸಾಕು. ಉಳಿದದ್ದನ್ನು ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಕೊಡಬಹುದು. ನಕಲಿನ ಅನುಮಾನ ಬಂದರೆ ಅದನ್ನು ನಾಲ್ಕು ಜನರ ಮುಂದೆ ಎತ್ತುವುದಲ್ಲ. ಈಗಂತೂ ಮೊಬೈಲಿನ ಕೃತಕ ಬುದ್ಧಿಮತ್ತೆ ಹತ್ತು ಪುಟ ಬರೆದುಕೊಡುತ್ತದೆ. ಒಂದು ವಾಕ್ಯ ತೋರಿಸಿ 'ಇದನ್ನ ನಿನ್ನ ಮಾತಿನ್ಯಾಗ ಹೇಳು' ಎಂದರೆ ಸಾಕು, ಯಾರು ಬರೆದದ್ದೆಂದು ತಿಳಿಯುತ್ತದೆ. ಹೇಳಲು ಬಂದರೆ ಅದು ಅವನದೇ ಆಯಿತು. ಕನ್ನಡದಲ್ಲಿ ಹೇಳಿದರೂ ನಡೆಯುತ್ತದೆ ಎಂಬ ಅಭಯ ಮೊದಲೇ ಇರಬೇಕು. 'ಸಾಲ', 'ಅನುದಾನ', 'ಗುತ್ತಿಗೆ' ಇವುಗಳ ವ್ಯತ್ಯಾಸವನ್ನು ಸಹಕಾರಿ ಸಂಘದ ಮೆಟ್ಟಿಲು ಹತ್ತಿಳಿದ ರೈತನ ಮಗ ಇಂಗ್ಲಿಷ್ ಪದಗಳಿಗಿಂತ ಚೆನ್ನಾಗಿ ಬಲ್ಲ.

ಅಧ್ಯಾಪಕರ ಕಷ್ಟ ಇಲ್ಲವೆಂದಲ್ಲ. ಒಂದೊಂದು ತರಗತಿಯಲ್ಲಿ ಐವತ್ತು ಅರವತ್ತು ವಿದ್ಯಾರ್ಥಿಗಳು, ಸರ್ಕಾರಿ ಕಾಲೇಜುಗಳಲ್ಲಿ ಬಹಳಷ್ಟು ಪಾಠ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅರವತ್ತು ಪ್ರಬಂಧಕ್ಕೂ ಅಂಚಿನಲ್ಲಿ ಬರೆಯಿರಿ ಎಂದರೆ ಬರೆಯುವ ಹೊತ್ತು ಯಾವುದು? ನ್ಯಾಕ್ ಮೌಲ್ಯಾಂಕನ ನಡೆಯುವ ವರ್ಷ ಈ ಪ್ರಬಂಧಗಳೆಲ್ಲ ಅಂದವಾಗಿ ಫೈಲು ಸೇರುತ್ತವೆ ಎನ್ನುವುದನ್ನೂ ಮರೆಯುವಂತಿಲ್ಲ. ಅರ್ಧ ಹೊರೆಯನ್ನು ವಿದ್ಯಾರ್ಥಿಗಳಿಗೇ ಹಂಚಬಹುದು. ಮಂಡನೆಗೆ ಮೊದಲು ಇಬ್ಬರನ್ನು ಗುರುತಿಸಿ, ಒಬ್ಬರು ಅಂಕಿಅಂಶ, ಇನ್ನೊಬ್ಬರು ನಕ್ಷೆ ನೋಡಿಕೊಳ್ಳಲಿ ಎಂದು ಹೇಳಿದರೆ ಹಿಂದಿನ ಬೆಂಚಿನ ಆಕಳಿಕೆಯೂ ನಿಲ್ಲುತ್ತದೆ.

ಮತ್ತೆ ಆ ಹುಡುಗಿ. ಪಡಸಾಲೆಯ ಮಾತು ಮುಗಿದ ಮೇಲೆ ಅವಳಿಗೆ ಕೊಡಬಹುದಾದ ಕೆಲಸ ದೊಡ್ಡದೇನಲ್ಲ. ಶನಿವಾರ ತರಗತಿ ಬಿಟ್ಟ ಮೇಲೆ ಗೆಳತಿಯರೊಂದಿಗೆ ಕಿತ್ತೂರಿಗೆ ಹೋಗಿ, ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಒಂದು ತಾಸು ಕುಳಿತು, ಹಾಯುವ ಲಾರಿಗಳ ನಂಬರ್ ಪ್ಲೇಟು ಬರೆದುಕೊಂಡು ಬರುವುದು: ಎಂ.ಎಚ್. ಎಷ್ಟು, ಜಿ.ಜೆ. ಎಷ್ಟು, ಟಿ.ಎನ್. ಎಷ್ಟು, ಕೆ.ಎ. ಎಷ್ಟು. ಅವುಗಳಲ್ಲಿ ಎಷ್ಟು ಲಾರಿ ಕಿತ್ತೂರಿನ ಕಡೆ ತಿರುಗಿದವು ಎಂಬುದಕ್ಕೆ ನೋಟ್‌ಬುಕ್ಕಿನಲ್ಲಿ ಬೇರೆ ಒಂದು ಕಾಲಂ ಹಾಕಿಕೊಂಡು ಹೋಗಲಿ.