ಗಣತಿಯ ಕಾಗದದಲ್ಲಿ ಮನುಷ್ಯನ ಬಣ್ಣ



ಜನಗಣತಿಯವರು ಬಾಗಿಲಿಗೆ ಬಂದರೆ ಮನೆಯ ಹಿರಿಯರು ಹೇಳುತ್ತಾರೆ, ಅವರು ಬರೆದುಕೊಳ್ಳುತ್ತಾರೆ. ಅಮೆರಿಕ ದೇಶದಲ್ಲಿ ಜನಾಂಗದ ಮಟ್ಟಿಗೆ ಬಹುಕಾಲ ಹೀಗಿರಲಿಲ್ಲ. ಬಂದವನೇ ಮುಖ ನೋಡಿ ಬರೆಯುತ್ತಿದ್ದ. ಜನ ತಮ್ಮ ಜನಾಂಗವನ್ನು ತಾವೇ ಬರೆದುಕೊಡುವ ಕ್ರಮ ಆರಂಭವಾದದ್ದು 1960ರಲ್ಲಿ. ಆದಕಾರಣ ಅಲ್ಲಿನ ಹಳೆಯ ಕಡತಗಳನ್ನು ಓದುವವರು ಅದು ಬರೆದವನ ಕಣ್ಣು, ಆ ವರ್ಷದ ಸರಕಾರದ ನಿಯಮ ಎಂಬುದನ್ನು ಮೊದಲು ಅರಿತಿರಬೇಕು.

1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ. ಒಡೆಯನ ಹೆಸರು ಬರೆದು, ಅದರ ಕೆಳಗೆ ವಯಸ್ಸು, ಗಂಡು ಅಥವಾ ಹೆಣ್ಣು, ಮೈಬಣ್ಣ ಕಪ್ಪೋ ಮಿಶ್ರವೋ ಮುಂತಾದವನ್ನು ಗುರುತಿಸುತ್ತಿದ್ದರು. ಗುಲಾಮನ ಹೆಸರನ್ನು ಸಾಮಾನ್ಯವಾಗಿ ಬರೆಯುತ್ತಿರಲಿಲ್ಲ. ನಮ್ಮಲ್ಲಿ ದನಕರುಗಳಿಗೂ ಹೆಸರಿಟ್ಟು ಕರೆಯುತ್ತೇವಲ್ಲ! 1865ರಲ್ಲಿ ಗುಲಾಮಗಿರಿ ಅಳಿಯಿತು. 1870ರ ಗಣತಿಯಲ್ಲಿ ಆ ಜನರೆಲ್ಲರ ಹೆಸರು ಮೊದಲ ಬಾರಿಗೆ ಕಾಗದ ಕಂಡಿತು. ಇಂದು ಮುತ್ತಜ್ಜನ ಮುತ್ತಜ್ಜನನ್ನು ಹುಡುಕಿ ಹೊರಟ ಕರಿಯ ಕುಟುಂಬಗಳು ಆ ವರ್ಷದ ಹಿಂದಕ್ಕೆ ಹೋಗಲಾರದೆ ಅಲ್ಲಿಯೇ ನಿಲ್ಲುವುದು ಇದಕ್ಕೇ. ಹಿಂದಿನ ಪಟ್ಟಿಯಲ್ಲಿ '30 ವರ್ಷ, ಹೆಣ್ಣು, ಕಪ್ಪು' ಎಂದಷ್ಟೇ ಇದ್ದರೆ, ಆಕೆ ತಮ್ಮ ಅಜ್ಜಿಯೋ ಅಲ್ಲವೋ ಎಂದು ಹೇಗೆ ತಿಳಿಯಬೇಕು?

1890ರಲ್ಲಂತೂ ರಕ್ತದ ಲೆಕ್ಕವೇ ಬಂತು. ಮುಕ್ಕಾಲು ಅಥವಾ ಹೆಚ್ಚು ಕರಿಯ ರಕ್ತವಿದ್ದರೆ ಒಂದು ಹೆಸರು, ಅರ್ಧದ ಆಸುಪಾಸು ಇದ್ದರೆ ಇನ್ನೊಂದು, ಕಾಲು ಭಾಗಕ್ಕೆ ಮತ್ತೊಂದು, ಎಂಟನೆಯ ಒಂದು ಭಾಗಕ್ಕೆ ಮಗದೊಂದು. ಇದನ್ನು ಅಳೆಯಲು ಗಣತಿಯವನ ಬಳಿ ಯಾವ ತಕ್ಕಡಿ ಇತ್ತೋ ಶಿವನೇ ಬಲ್ಲ. ಮುಂದಿನ ಗಣತಿಯಲ್ಲಿಯೇ ಈ ಲೆಕ್ಕ ಬಿಟ್ಟುಹೋಯಿತು. 'ಮಿಶ್ರ' ಎಂಬ ವರ್ಗ 1910, 1920ರಲ್ಲಿ ಮರಳಿ ಬಂತು. 1930ರಲ್ಲಿ ಅದೂ ಇಲ್ಲವಾಗಿ, ಒಂದು ಹನಿ ಕರಿಯ ರಕ್ತವಿದ್ದರೂ ಕರಿಯನೆಂದೇ ಬರೆಯಬೇಕೆಂಬ ಅಪ್ಪಣೆಯಾಯಿತು. ಹತ್ತು ವರ್ಷದ ಹಿಂದೆ ಮಿಶ್ರನಾಗಿದ್ದವನು, ಚರ್ಮ ಬದಲಾಗದೆಯೇ ಕರಿಯನಾದ.

ಅಲ್ಲಿಗೆ ಹೋಗಿ ನೆಲೆಸಿದ್ದ ಭಾರತೀಯರ ಪಾಡೂ ವಿಚಿತ್ರವೇ. 1920, 1930, 1940ರ ಗಣತಿಗಳಲ್ಲಿ ಅವರ ಜನಾಂಗ 'ಹಿಂದೂ'! ಅವರಲ್ಲಿ ಬಹುಪಾಲು ಪಂಜಾಬಿನ ಸಿಖ್ ರೈತರು; ಮುಸಲ್ಮಾನರೂ ಇದ್ದರು. ಭಗತ್ ಸಿಂಗ್ ಥಿಂದ್ ಎಂಬ ಸಿಖ್ಖರು ತಾವು ಬಿಳಿಯರೆಂದು ಪೌರತ್ವಕ್ಕಾಗಿ ವಾದಿಸಿದಾಗ, 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಮುಂದೆ 1970ರ ಗಣತಿಯಲ್ಲಿ ಅದೇ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದರು. 1980ರಲ್ಲಿ 'ಏಷ್ಯನ್ ಇಂಡಿಯನ್' ಎಂಬ ಬೇರೆ ಕಲಂ ಬಂತು. ದೀರ್ಘಾಯುಷಿಯಾದ ಒಬ್ಬ ಪಂಜಾಬಿ ಅಜ್ಜ ಒಂದೇ ಜನ್ಮದಲ್ಲಿ ಈ ಮೂರನ್ನೂ ಕಂಡಿರಬಹುದು.