ಟ್ರ್ಯಾಕ್ಟರು ಪದೇ ಪದೇ ಕೆಡುತ್ತಿದ್ದರೆ

ತುಂಗಭದ್ರೆಯ ಕಾಲುವೆಗೆ ನೀರು ಬಂತೆಂದರೆ ನಮ್ಮ ಗಂಗಾವತಿ ಸೀಮೆಯಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ. ಗದ್ದೆ ಕೆಸರು ಮಾಡಬೇಕು, ಸಸಿ ಹಚ್ಚಬೇಕು, ಆಳುಗಳನ್ನು ಗೊತ್ತು ಮಾಡಿರಬೇಕು. ಅಂಥ ಹೊತ್ತಿನಲ್ಲಿ ಟ್ರ್ಯಾಕ್ಟರು ಕೈಕೊಟ್ಟರೆ ಗ್ಯಾರೇಜಿನ ಬಿಲ್ಲಿಗಿಂತ ದೊಡ್ಡ ನಷ್ಟ ಗದ್ದೆಯಲ್ಲೇ ಆಗುತ್ತದೆ. ಒಮ್ಮೆ ಕೆಟ್ಟರೆ ಸೈರಿಸಬಹುದು. ಅದೇ ರೋಗ ಮತ್ತೆ ಮತ್ತೆ ಬಂದರೆ? ಮಿಸ್ತ್ರಿಯನ್ನು ನಂಬಬೇಕೋ, ಬಿಡಬೇಕೋ? ಇಂದು ಅದನ್ನೇ ವಿಚಾರ ಮಾಡೋಣ.

ಆನೆಗುಂದಿ ಕಡೆಯ ಹನುಮನಹಳ್ಳಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಒಕ್ಕಣೆ ಮುಗಿದು ಹುಲ್ಲು ಸಾಗಿಸುವ ದಿನಗಳು. ಒಬ್ಬ ರೈತರ ಟ್ರ್ಯಾಕ್ಟರು ಹೇರು ಎಳೆದರೆ ಸಾಕು, ಕಾದು ಹೊಗೆಯಾಡುತ್ತಿತ್ತು. ಮಿಸ್ತ್ರಿ ಮೊದಲು ನೀರಿನ ಪಂಪು ಬದಲಿಸಿದ. ವಾರದೊಳಗೆ ಮತ್ತೆ ಕಾದಿತು. ಹೆಡ್ ಗ್ಯಾಸ್ಕೆಟ್ಟು ಹಾಕಿದ. ಅದೂ ಆಯಿತು. ಮೂರನೆಯ ಸಲ, "ಎಂಜಿನ್ನೇ ಬಿಚ್ಚಬೇಕ್ರೀ" ಅಂದ. ಆಗ ಆ ಮನೆಯ ಅಕ್ಕ ಕೇಳಿದರು: "ಎರಡು ಸಲ ರೊಕ್ಕ ಕೊಟ್ಟೀವಿ ತಮ್ಮಾ. ಗಾಡಿ ಯಾಕ ಕಾಯ್ತೈತಿ, ಅದನ್ನ ಮೊದಲ ಹೇಳು." ಅವನ ಬಳಿ ಉತ್ತರವಿರಲಿಲ್ಲ.

ಮರುದಿನ ಇನ್ನೊಬ್ಬ ಮಿಸ್ತ್ರಿ ಬಂದು ಮುಂದಿನ ಜಾಲರಿ ತೆಗೆದು ನೋಡಿದ. ರೇಡಿಯೇಟರಿನ ಸಂದುಗಳಲ್ಲಿ ಹುಲ್ಲಿನ ಧೂಳು, ಹೊಟ್ಟು, ಒಣಗಿದ ಕೆಸರು ತುಂಬಿ ಗಟ್ಟಿಯಾಗಿದ್ದವು. ಫ್ಯಾನು ತಿರುಗಿದರೂ ಗಾಳಿ ಒಳಗೆ ಹಾಯುತ್ತಿರಲಿಲ್ಲ. ಗಾಳಿ ಹಾಯದೆ ನೀರು ತಣಿಯುವುದೆಲ್ಲಿ? ನೀರು ತಣಿಯದೆ ಎಂಜಿನ್ನು ಕಾದಿತು, ಕಾದ ಎಂಜಿನ್ನು ಗ್ಯಾಸ್ಕೆಟ್ಟು ಸುಟ್ಟಿತು. ಹೊಸ ಗ್ಯಾಸ್ಕೆಟ್ಟು ಹಾಕಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆಯೇ ಆಯಿತು.

ಮೊದಲಿನ ಮಿಸ್ತ್ರಿ ಮೋಸಗಾರನೆಂದು ನಾನು ಹೇಳಲಾರೆ. ಅವನು ಕಾರಣ ಹುಡುಕಲಿಲ್ಲ. ಆದರೆ ಯಜಮಾನರೂ ಇಡೀ ಸುಗ್ಗಿಯಲ್ಲಿ ಒಂದು ದಿನ ಜಾಲರಿ ತೆಗೆದು ನೋಡಿರಲಿಲ್ಲ. ಒಂದು ಕೈಯಿಂದ ಚಪ್ಪಾಳೆ ಆಗುವುದಿಲ್ಲ.

ಆದ್ದರಿಂದ ಮೊದಲು ನಮ್ಮ ಪಾಲಿನ ಕೆಲಸ. ದಿನಾ ಬೆಳಿಗ್ಗೆ, ಎಂಜಿನ್ನು ತಣ್ಣಗಿರುವಾಗ, ನೀರು ಮತ್ತು ಆಯಿಲ್ ಮಟ್ಟ ನೋಡಿ. ಫ್ಯಾನಿನ ಬೆಲ್ಟು ಸಡಿಲವಿದೆಯೇ ನೋಡಿ. ರೇಡಿಯೇಟರಿನ ಹೊಟ್ಟನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಗಾಳಿ ಹೊಡೆದು ತೆಗೆಯಿರಿ. ಏರ್ ಫಿಲ್ಟರನ್ನು ಕೈಪಿಡಿಯಲ್ಲಿ ಹೇಳಿದಂತೆ ಶುಚಿ ಮಾಡಿ. ಆಯಿಲ್ಲು ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ. ಆಗ ಗಾಡಿ ಚಾಲೂ ಮಾಡಬೇಡಿ.

ಒಂದು ಎಚ್ಚರಿಕೆ. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಲೇಬಾರದು, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ಡು ಬಿರಿಯಬಹುದು. ಆರುವ ತನಕ ತಾಳ್ಮೆ ಇರಲಿ.

ಇನ್ನು ಮಿಸ್ತ್ರಿಯ ಪರೀಕ್ಷೆ. ಸಾಮಾನು ಬದಲಿಸುವ ಮುನ್ನ ಕೇಳಿ: "ಇದು ಕೆಟ್ಟದ್ದಕ್ಕೆ ಕಾರಣವೇನು? ಹೇಗೆ ಗೊತ್ತಾಯಿತು?" ಒಳ್ಳೆಯ ಮಿಸ್ತ್ರಿ ಸಿಟ್ಟಾಗದೆ ಕೈಯಲ್ಲಿ ಹಿಡಿದು ತೋರಿಸುತ್ತಾನೆ. ಖರ್ಚು ಎಷ್ಟೆಂದು ಮೊದಲೇ ಮಾತಾಡಿಕೊಳ್ಳಿ, ಹೆಚ್ಚಾಗುವುದಿದ್ದರೆ ಕೇಳಿಯೇ ಮುಂದುವರಿಯಲು ಹೇಳಿ. ತೆಗೆದ ಹಳೆಯ ಸಾಮಾನು, ಹೊಸದರ ಡಬ್ಬಿ, ಬಿಲ್ಲು ಈ ಮೂರನ್ನೂ ಮನೆಗೆ ತನ್ನಿರಿ. ದುಡ್ಡು ಪೂರಾ ಕೊಡುವ ಮುನ್ನ ಹೇರು ಕಟ್ಟಿ ಓಡಿಸಿ ನೋಡಿ. ಬರಿಗಾಡಿಯಲ್ಲಿ ರೋಗ ತೋರುವುದಿಲ್ಲ. ವಾರಂಟಿ ಅವಧಿ ಮುಗಿದಿರದಿದ್ದರೆ ಕಂಪನಿಯ ಸರ್ವೀಸಿಗೇ ಒಯ್ಯಿರಿ.

ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ತಾರೀಖು, ಮೀಟರಿನ ತಾಸು, ಏನು ಕೆಟ್ಟಿತು, ಏನು ಹಾಕಿದರು, ಎಷ್ಟು ಖರ್ಚು, ಇಷ್ಟೇ ಸಾಕು. ಶಾಲೆಗೆ ಹೋಗುವ ಮಗಳೋ ಮಗನೋ ಬರೆಯಲಿ. ಅದೇ ರೋಗ ಎರಡನೆಯ ಸಲ ಬಂದರೆ ಪುಸ್ತಕ ತೆಗೆದು ಅದೇ ಮಿಸ್ತ್ರಿಗೆ ತೋರಿಸಿ, ಅವನಿಗೊಂದು ಅವಕಾಶ ಕೊಡಿ. ಮೂರನೆಯ ಸಲವೂ ಕಾರಣ ಹೇಳದಿದ್ದರೆ, ಎಂಜಿನ್ನು ಬಿಚ್ಚಿಸುವ ಮುನ್ನ ಇನ್ನೊಬ್ಬರ ಕಣ್ಣಿಗೆ ಹಾಕಿ. ಅವನು ಬೇಕಾದವನು, ಊರಿನವನು ಎಂಬ ಸಂಕೋಚ ಬೇಡ.

ನಿಜವಾಗಿ ಮೋಸವಾಗಿದ್ದರೆ ದಾರಿಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ದುಡ್ಡು ಪಡೆದು ಸರಿಯಾಗಿ ಮಾಡದ ಸೇವೆಯ ಮೇಲೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವಿಲ್ಲ. ಆದರೆ ಅಲ್ಲಿ ಬಾಯಿಮಾತು ನಡೆಯದು, ಬಿಲ್ಲು ಬೇಕು.

ಹನುಮನಹಳ್ಳಿಯ ಆ ಅಕ್ಕ ಈಗಲೂ ಹುಲ್ಲಿನ ಹೇರು ಇಳಿದ ಸಂಜೆ ಜಾಲರಿ ತೆಗೆಸದೆ ಗಾಡಿ ಒಳಗೆ ಬಿಡುವುದಿಲ್ಲ. ಸುಗ್ಗಿ ಬರುವ ಮುನ್ನ ನೀವೂ ಒಮ್ಮೆ ನಿಮ್ಮ ಗಾಡಿಯ ಜಾಲರಿ ತೆಗೆದು ನೋಡಿ.